ಎರವಿನ ವಿಷ, ಎರವಿನ ಗಂಧ

ಚಿಟ್ಟೆಗಳ ಲೋಕದಲ್ಲಿ ಮೊನಾರ್ಕ್ ಎಂಬ ಅಮೆರಿಕದ ಚಿಟ್ಟೆಗೆ ದೊರೆತಷ್ಟು ಕೀರ್ತಿ ಬೇರೊಂದಕ್ಕೆ ದೊರೆತಿಲ್ಲ. ಅರ್ಧ ಗ್ರಾಮಿನಷ್ಟು ತೂಗುವ ಶರೀರವನ್ನು ಹೊತ್ತು, ಕೆನಡಾದ ದಕ್ಷಿಣ ಪ್ರಾಂತಗಳಿಂದ ಹೊರಟು, ನಾಲ್ಕು ಸಾವಿರ ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸಿ, ತಾನೂ ತನ್ನ ತಾಯಿಯೂ ಎಂದೂ ಕಾಣದಿದ್ದ ಮೆಕ್ಸಿಕೋ ದೇಶದ ಪರ್ವತಗಳ ಮರಗಳಲ್ಲಿ ಚಳಿಗಾಲವನ್ನು ಕಳೆಯುವ ಆ ಜೀವಿಯ ವೃತ್ತಾಂತವನ್ನು ಕೇಳಿ ವಿಸ್ಮಯಗೊಳ್ಳದವರು ವಿರಳ. ಈ ಚಿಟ್ಟೆ ಭಾರತದ ನಿವಾಸಿಯಲ್ಲ. ಆದರೆ ಅದರ ಕುಲಕ್ಕೇ ಸೇರಿದ, ಅದರದೇ ಬಣ್ಣವನ್ನೂ ಆಹಾರಕ್ರಮವನ್ನೂ ಉಳ್ಳ ಸಮೀಪಬಂಧುಗಳು ನಮ್ಮ ಬೇಲಿಗಳಲ್ಲಿ ದಿನವೂ ಹಾರಾಡುತ್ತಿವೆ. ಮೊನಾರ್ಕ್ ಚಿಟ್ಟೆಯ ಜೀವನರಹಸ್ಯವನ್ನು ಅರಿಯಬಯಸುವ ಕನ್ನಡಿಗನು ಸಮುದ್ರವನ್ನು ದಾಟಬೇಕಾಗಿಲ್ಲ, ಎಡನೀರಿನವರೆಗೆ ಹೋದರೆ ಸಾಕು.

ಕಾಸರಗೋಡು ಪೇಟೆಯಿಂದ ಮೂಡಲಾಗಿ ಚೆರ್ಕಳವನ್ನು ಸೇರಿ, ಅಲ್ಲಿಂದ ಬದಿಯಡ್ಕ, ಪೆರ್ಲಗಳ ಕಡೆಗೆ ತಿರುಗುವ ಮಾರ್ಗವನ್ನು ಹಿಡಿದರೆ ಸ್ವಲ್ಪ ದೂರದಲ್ಲಿಯೇ ಎಡನೀರು ಸಿಗುತ್ತದೆ. ತೋಟಕಾಚಾರ್ಯರ ಪರಂಪರೆಗೆ ಸೇರಿದ ಮಠದಿಂದಲೂ, ಆ ಮಠದ ಯತಿಗಳಾಗಿದ್ದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರನ್ನು ಹೊತ್ತು 1973ರ ಏಪ್ರಿಲ್ 24ರಂದು ಸರ್ವೋಚ್ಚ ನ್ಯಾಯಾಲಯದಿಂದ ಹೊರಬಿದ್ದ ತೀರ್ಪಿನಿಂದಲೂ ಈ ಊರು ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ನಿಸರ್ಗವನ್ನು ಓದುವವನಿಗೆ ಇಲ್ಲಿರುವ ಆಕರ್ಷಣೆ ಬೇರೆ. ಬಿಸಿಲಿಗೆ ಕಾದ ಮುರಕಲ್ಲಿನ ಪದವು, ಅದರ ಇಳಿಜಾರಿನ ಕುರುಚಲು, ಇಳಿಜಾರು ಮುಗಿಯುವಲ್ಲಿ ತಂಪಾದ ಅಡಿಕೆತೋಟ, ತೋಟದ ಅಂಚಿನ ತೋಡು, ಕತ್ತಿ ತಾಗದ ನಾಗಬನ, ಇವೆಲ್ಲವೂ ಅರ್ಧ ಗಂಟೆಯ ನಡಿಗೆಯೊಳಗೆ ಒಂದಾದ ಮೇಲೊಂದರಂತೆ ಎದುರಾಗುವುದರಿಂದ, ಬಿಸಿಲನ್ನು ಬಯಸುವ ಚಿಟ್ಟೆಯೂ ನೆರಳನ್ನು ಬಿಡದ ಚಿಟ್ಟೆಯೂ ಒಂದೇ ಪೂರ್ವಾಹ್ನದಲ್ಲಿ ಕಣ್ಣಿಗೆ ಬೀಳುತ್ತವೆ.

ಮೊನಾರ್ಕ್ ಚಿಟ್ಟೆಯ ಶಾಸ್ತ್ರೀಯ ನಾಮ ಡಾನಾಯಸ್ ಪ್ಲೆಕ್ಸಿಪಸ್. ಇದೇ ಡಾನಾಯಸ್ ಜಾತಿಗೆ ಸೇರಿದ ಎರಡು ಚಿಟ್ಟೆಗಳು ನಮ್ಮಲ್ಲಿವೆ: ಕಿತ್ತಳೆಗೆಂಪು ರೆಕ್ಕೆಯಲ್ಲಿ ನರನರವೂ ಕಪ್ಪಾಗಿ ಎದ್ದು ಕಾಣುವ ಪಟ್ಟೆಹುಲಿ, ಮತ್ತು ನರಗಳು ಕಪ್ಪಾಗದೆ ರೆಕ್ಕೆಯ ತುದಿಯಲ್ಲಿ ಮಾತ್ರ ಕಪ್ಪು ಬಿಳುಪುಗಳನ್ನು ತಳೆದ ಸಾದಾಹುಲಿ. ಪಟ್ಟೆಹುಲಿಗೂ ಮೊನಾರ್ಕಿಗೂ ಇರುವ ಹೋಲಿಕೆ ಎಷ್ಟೆಂದರೆ, ಲಿನೇಯಸನು 1758ರಲ್ಲಿ ಕೊಟ್ಟ ಪ್ಲೆಕ್ಸಿಪಸ್ ಎಂಬ ಹೆಸರು ಈ ಎರಡರಲ್ಲಿ ಯಾವುದಕ್ಕೆ ಸಲ್ಲಬೇಕೆಂಬ ಗೊಂದಲ ಬಹುಕಾಲ ಬಗೆಹರಿಯದೆ, ಇಪ್ಪತ್ತನೆಯ ಶತಮಾನದ ಆದಿಭಾಗದ ಭಾರತೀಯ ಕೀಟಗ್ರಂಥಗಳಲ್ಲಿ ನಮ್ಮ ಪಟ್ಟೆಹುಲಿಯೇ ಪ್ಲೆಕ್ಸಿಪಸ್ ಎಂದು ಕರೆಯಿಸಿಕೊಂಡಿತ್ತು. ಕೊನೆಗೆ 1954ರಲ್ಲಿ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗವು ಆ ಹೆಸರು ಅಮೆರಿಕದ ಚಿಟ್ಟೆಯದೆಂದು ನಿರ್ಣಯಿಸಿತು. ಇವುಗಳ ವಿಶಾಲ ಕುಟುಂಬದಲ್ಲಿ ನೀಲಿಹುಲಿ, ಕಡುನೀಲಿಹುಲಿ, ಗಾಜುಹುಲಿ, ಕಾಗೆಚಿಟ್ಟೆ ಮುಂತಾದವೂ ಸೇರುತ್ತವೆ. ಬಣ್ಣಗಳಲ್ಲಿ ಎಷ್ಟೇ ಭೇದವಿದ್ದರೂ ಇವುಗಳ ನಡವಳಿಕೆಯಲ್ಲಿ ಒಂದು ಸಮಾನತೆಯುಂಟು: ಯಾವುದೂ ಅವಸರದಲ್ಲಿ ಹಾರುವುದಿಲ್ಲ. ಹಕ್ಕಿಗಳು ತುಂಬಿದ ತೋಟದ ನಡುವೆ, ಕಣ್ಣಿಗೆ ಹೊಡೆಯುವ ಬಣ್ಣಗಳನ್ನು ಬಿಚ್ಚಿಕೊಂಡು, ರೆಕ್ಕೆಯನ್ನು ಮೆಲ್ಲನೆ ಬಡಿಯುತ್ತ, ನಡುನಡುವೆ ಬಡಿಯುವುದನ್ನೂ ನಿಲ್ಲಿಸಿ ತೇಲುತ್ತ ಹೋಗುವ ಈ ನಿರ್ಭೀತಿಗೆ ಮೂಲವೆಲ್ಲಿ ಎಂಬ ಪ್ರಶ್ನೆಯನ್ನು ಬೆನ್ನಟ್ಟಿದರೆ ನಾವು ಎಕ್ಕದ ಗಿಡದ ಬುಡಕ್ಕೆ ಬಂದು ನಿಲ್ಲುತ್ತೇವೆ.

ರಥಸಪ್ತಮಿಯ ಮುಂಜಾನೆ ತಲೆಯ ಮೇಲೆ ಇಟ್ಟುಕೊಂಡು ಸ್ನಾನ ಮಾಡುವ ಆ ಬೂದುಹಸುರಿನ ದಪ್ಪನೆಯ ಎಲೆಯನ್ನು, ಗಣಪತಿಗೆ ಮಾಲೆಯಾಗುವ ಆ ತಿಳಿನೇರಳೆ ಹೂವನ್ನು ಬಲ್ಲವರೆಲ್ಲರೂ, ಗಿಡವನ್ನು ಮುರಿದಾಗ ಒಸರುವ ಹಾಲು ಕಣ್ಣಿಗೆ ತಾಗಬಾರದೆಂಬ ಹಿರಿಯರ ಎಚ್ಚರಿಕೆಯನ್ನೂ ಕೇಳಿಯೇ ಬೆಳೆದವರು. ದನಕರುಗಳು ಇದನ್ನು ಮೇಯುವುದಿಲ್ಲ; ಬೇಸಗೆಯ ಕೊನೆಯಲ್ಲಿ ಪದವಿನ ಹುಲ್ಲೆಲ್ಲ ಸುಟ್ಟು ಕರಕಲಾದಾಗಲೂ ಎಕ್ಕ ಮಾತ್ರ ತನ್ನ ಎಲೆಗಳನ್ನು ಅಖಂಡವಾಗಿ ಉಳಿಸಿಕೊಂಡು ನಿಂತಿರುತ್ತದೆ. ಈ ಗಿಡದ ಎಲೆಯ ಕೆಳಮೈಯಲ್ಲಿ ಸಾದಾಹುಲಿಯ ಹೆಣ್ಣು ಒಂದೊಂದೇ ಮೊಟ್ಟೆಯನ್ನು ಇಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೊರಬರುವ ಮರಿಹುಳು ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿಂದು, ಆಮೇಲೆ ಎಲೆಗೆ ಬಾಯಿ ಹಾಕುತ್ತದೆ.

ಬೆಳೆದ ಹುಳುವನ್ನು ಹತ್ತಿರದಿಂದ ನೋಡುವುದು ಒಂದು ಪಾಠ. ಕಪ್ಪು, ಬಿಳಿ, ಹಳದಿ ಬಣ್ಣಗಳ ಅಡ್ಡಪಟ್ಟೆಗಳು ಮೈತುಂಬ ಇದ್ದು, ಬೆನ್ನಿನಿಂದ ಮೂರು ಜೊತೆ ಕರಿಯ ಮೃದುವಾದ ಕೋಡುಗಳು ಎದ್ದಿರುತ್ತವೆ. ಮೊನಾರ್ಕಿನ ಹುಳುವಿಗೆ ಇರುವವು ಎರಡೇ ಜೊತೆ. ಸಾದಾಹುಲಿಯ ಹುಳು ಎಲೆಯನ್ನು ಸಿಕ್ಕಲ್ಲಿ ಕಚ್ಚುವುದಿಲ್ಲ. ತಾನು ತಿನ್ನಬೇಕೆಂದಿರುವ ಭಾಗದ ಸುತ್ತ ಮೊದಲು ಒಂದು ವೃತ್ತವನ್ನು ಕೊರೆಯುತ್ತದೆ. ಕೊರೆದ ಗೆರೆಯುದ್ದಕ್ಕೂ ಬಿಳಿಯ ಹಾಲು ಹನಿಹನಿಯಾಗಿ ಉಕ್ಕಿ, ಸ್ವಲ್ಪ ಹೊತ್ತಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಹಾಲಿನ ನಾಳಗಳು ಕಡಿದುಹೋದದ್ದರಿಂದ ವೃತ್ತದ ಒಳಗಿನ ಭಾಗಕ್ಕೆ ಹೊಸ ಹಾಲು ಹರಿಯಲಾರದು. ಆಗ ಹುಳು ಒಳಗಿನಿಂದ ನಿಶ್ಚಿಂತೆಯಾಗಿ ಮೇಯತೊಡಗುತ್ತದೆ. ಮೊನಾರ್ಕಿನ ಬೆಳೆದ ಹುಳುವಾದರೋ ಎಲೆಯ ನಡುನರವನ್ನೋ ತೊಟ್ಟನ್ನೋ ಅರ್ಧ ಕತ್ತರಿಸಿ, ಎಲೆ ಬಾಡಿ ಜೋತುಬಿದ್ದ ಮೇಲೆ ತುದಿಯಿಂದ ತಿನ್ನುತ್ತದೆ. ಮೊಟ್ಟೆಯಿಂದ ಈಗತಾನೆ ಹೊರಟ ಎಳೆಯ ಹುಳು ಈ ಕೆಲಸದಲ್ಲಿ ತಪ್ಪಿದರೆ ಅಂಟಾದ ಹಾಲಿನಲ್ಲಿಯೇ ಸಿಕ್ಕಿ ಸಾಯುವುದುಂಟು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಹುಳು ತಪ್ಪಿಸಿಕೊಳ್ಳುವುದು ಹಾಲಿನ ಅಂಟನ್ನೂ ಅದರ ಪ್ರವಾಹವನ್ನೂ ಮಾತ್ರ, ಎಲೆಯಲ್ಲಿರುವ ವಿಷವನ್ನು ಅದು ತಿಂದೇ ತಿನ್ನುತ್ತದೆ, ತಿಂದು ಉಳಿಸಿಯೂ ಕೊಳ್ಳುತ್ತದೆ.

ಆ ವಿಷಕ್ಕೆ ಕಾರ್ಡೆನೊಲೈಡ್ ಎಂದು ಹೆಸರು. ಪ್ರಾಣಿಶರೀರದ ಪ್ರತಿಯೊಂದು ಜೀವಕೋಶದ ಪೊರೆಯಲ್ಲಿಯೂ ಮೂರು ಸೋಡಿಯಂ ಕಣಗಳನ್ನು ಹೊರಕ್ಕೆ ದಬ್ಬಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ಸೆಳೆದುಕೊಳ್ಳುವ ಒಂದು ಕಿಣ್ವವಿದ್ದು, ಹೃದಯದ ಮಿಡಿತಕ್ಕೂ ನರಗಳ ಸಂಚಲನಕ್ಕೂ ಅದರ ನಿರಂತರ ದುಡಿಮೆಯೇ ಆಧಾರ. ಕಾರ್ಡೆನೊಲೈಡ್ ಈ ಕಿಣ್ವದ ಒಂದು ಸಂದಿಯಲ್ಲಿ ಹೋಗಿ ಕುಳಿತು ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಹೃದ್ರೋಗಕ್ಕೆ ಔಷಧವೆಂದು ವರ್ಣಿಸಿದ ಡಿಜಿಟಾಲಿಸ್ ಈ ವರ್ಗದ ವಸ್ತುವೇ. ಕಣಗಿಲೆಯ ಎಲೆಯನ್ನು ತಿಂದ ಹಸು ಸಾಯುವುದೂ ಇದರಿಂದಲೇ. ಹಾಗಾದರೆ ಹುಳು ಬದುಕುವುದು ಹೇಗೆ? ಸಾದಾಹುಲಿಯಲ್ಲಿಯೂ ಮೊನಾರ್ಕಿನಲ್ಲಿಯೂ ಆ ಕಿಣ್ವದ 122ನೆಯ ಸ್ಥಾನದಲ್ಲಿ ಇರಬೇಕಾದ ಅಮೈನೋ ಆಮ್ಲದ ಬದಲಿಗೆ ಇನ್ನೊಂದು ಬಂದು ಕುಳಿತಿದೆ. ಈ ಪಲ್ಲಟದಿಂದ ವಿಷಕ್ಕೆ ಆ ಸಂದಿಯಲ್ಲಿ ನೆಲೆ ಸಿಕ್ಕದು. ಮೊನಾರ್ಕಿನಲ್ಲಿ ಕಾಣುವ ಇಂಥ ಮೂರು ಪಲ್ಲಟಗಳನ್ನು ಹಣ್ಣಿನ ನೊಣದ ವಂಶವಾಹಿಯಲ್ಲಿ ಕೃತಕವಾಗಿ ಮಾಡಿ ನೋಡಿದ ವಿಜ್ಞಾನಿಗಳು, ನೊಣವೂ ಆ ವಿಷವನ್ನು ತಿಂದು ಬದುಕಬಲ್ಲುದೆಂದು 2019ರಲ್ಲಿ ಪ್ರಕಟಿಸಿದರು. ಮಹಾಪ್ರಳಯಗಳಿಂದಲ್ಲ, ಅಣುವಿನಲ್ಲಿ ಅಡಗಿದ ಒಂದೆರಡು ಅಕ್ಷರಗಳ ವ್ಯತ್ಯಾಸದಿಂದ ಒಂದು ಜೀವಕುಲಕ್ಕೆ ಹೊಸ ಆಹಾರದ ಬಾಗಿಲು ತೆರೆಯಿತೆಂಬುದನ್ನು ನೆನೆದಾಗ ನನಗೆ ಇಂದಿಗೂ ರೋಮಾಂಚವಾಗುತ್ತದೆ.

ಈ ವಿಷಸಂಗ್ರಹದ ಪ್ರಯೋಜನವನ್ನು ಪ್ರಯೋಗದಿಂದ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಲಿಂಕನ್ ಬ್ರೋವರ್. 1960ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ಬ್ಲೂ ಜೇ ಎಂಬ ಹಕ್ಕಿಗಳಿಗೆ, ತಮ್ಮ ಸಹಜ ಆಹಾರವಾದ ಹಾಲುಗಿಡವನ್ನು ತಿಂದು ಬೆಳೆದ ಮೊನಾರ್ಕುಗಳನ್ನು ಉಣಿಸಿದಾಗ ಹಕ್ಕಿಗಳು ವಾಂತಿಮಾಡಿಕೊಂಡವು. ಮುಂದೆ ಆ ಚಿಟ್ಟೆಯ ಬಣ್ಣವನ್ನು ಕಂಡರೇ ಕೊಕ್ಕನ್ನು ತಿರುಗಿಸಿದವು. ಬಹು ಶ್ರಮದಿಂದ ಕೋಸಿನೆಲೆಯ ಮೇಲೆ ಸಾಕಿದ ಮೊನಾರ್ಕುಗಳನ್ನಾದರೋ ಅನನುಭವಿ ಹಕ್ಕಿಗಳು ಯಾವ ತೊಂದರೆಯೂ ಇಲ್ಲದೆ ತಿಂದವು. ಅಂದರೆ ವಿಷವು ಚಿಟ್ಟೆಯದಲ್ಲ, ಗಿಡದ್ದು. ಚಿಟ್ಟೆ ಅದನ್ನು ಎರವಾಗಿ ಪಡೆದು, ಹುಳುವಿನ ಬಾಳಿನಿಂದ ಕೋಶದ ನಿದ್ರೆಯನ್ನು ದಾಟಿಸಿ ರೆಕ್ಕೆಯ ಬಾಳಿಗೆ ಒಯ್ಯುತ್ತದೆ. ಗಿಡವು ತನ್ನನ್ನು ತಿನ್ನುವವರ ವಿರುದ್ಧ ಕೂಡಿಟ್ಟ ಆಯುಧ, ಅದನ್ನು ತಿಂದವನಿಗೇ ಕವಚವಾಗುವುದು ಪ್ರಕೃತಿಯಲ್ಲಿ ಅಪರೂಪವೇನೂ ಅಲ್ಲವಾದರೂ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ಈ ಕವಚವೂ ಸರ್ವರಕ್ಷಕವಲ್ಲ. ಮರಿಹುಳುವಿನ ಮೈಯೊಳಗೆ ತಮ್ಮ ಸಂತಾನವನ್ನು ಬೆಳೆಸುವ ನೊಣಗಳೂ ಕಣಜಗಳೂ ಈ ವಿಷಕ್ಕೆ ಹೆದರುವುದಿಲ್ಲ. ಮೆಕ್ಸಿಕೋದ ಚಳಿಗಾಲದ ನೆಲೆಗಳಲ್ಲಿ ಎರಡು ಜಾತಿಯ ಹಕ್ಕಿಗಳು ಮೊನಾರ್ಕುಗಳನ್ನು ಸಾವಿರಗಟ್ಟಲೆ ತಿಂದು ಹಾಕುತ್ತವೆ.

ಈ ಕುಟುಂಬದಲ್ಲೆಲ್ಲ ಒಂದೇ ನಿಯಮ ನಡೆಯುತ್ತದೆಂದು ಭಾವಿಸಿದರೆ ಕಾಗೆಚಿಟ್ಟೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. ದೇವರ ಪೂಜೆಗೆಂದು ಮನೆಯಂಗಳಗಳಲ್ಲಿಯೂ ದೇವಸ್ಥಾನಗಳ ಮಗ್ಗುಲಲ್ಲಿಯೂ ನೆಟ್ಟಿರುವ ಕಣಗಿಲೆಯ ಎಲೆಗಳನ್ನು ಮೇಲಕ್ಕೆತ್ತಿ ನೋಡಿದರೆ, ಕೆಳಮೈಯಲ್ಲಿ ಲೋಹದಂತೆ ಹೊಳೆಯುವ ಕೋಶವೊಂದು ತಲೆಕೆಳಗಾಗಿ ತೂಗುತ್ತಿರುವುದು ಅನೇಕ ವೇಳೆ ಕಾಣಸಿಗುತ್ತದೆ. ಅದರ ಬೆಳ್ಳಿಯ ಮೈಯಲ್ಲಿ ಸುತ್ತಲಿನ ಹಸುರೂ, ಆಕಾಶದ ಬೆಳಕೂ, ನೋಡುವವನ ಬೆರಳೂ ವಕ್ರವಾಗಿ ಪ್ರತಿಬಿಂಬಿಸುತ್ತವೆ. ಚಿಟ್ಟೆ ಹೊರಬರುವ ಹಿಂದಿನ ದಿನ ಹೊಳಪೆಲ್ಲ ಅಡಗಿ, ಒಳಗಿನ ಕಂದುಗಪ್ಪು ರೆಕ್ಕೆಯೂ ಅದರ ಅಂಚಿನ ಬಿಳಿಯ ಚುಕ್ಕೆಗಳೂ ತೋರತೊಡಗುತ್ತವೆ. ಇದೇ ಕಾಗೆಚಿಟ್ಟೆ. ಎಕ್ಕದಲ್ಲಿರುವ ವರ್ಗದ ವಿಷವೇ ಕಣಗಿಲೆಯಲ್ಲಿಯೂ ಇದೆ. ಆದರೆ 1983ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಕಣಗಿಲೆಯನ್ನೇ ತಿಂದು ಬೆಳೆದ ಕಾಗೆಚಿಟ್ಟೆಯ ಕೋಶದಲ್ಲಿಯಾಗಲಿ ಚಿಟ್ಟೆಯಲ್ಲಿಯಾಗಲಿ ಆ ವಿಷವಿಲ್ಲವೆಂದು ತೋರಿಸಿತು. ಸಾದಾಹುಲಿಯಲ್ಲಿ ಆದಂತಹ ಪಲ್ಲಟ ಕಾಗೆಚಿಟ್ಟೆಯ ಕಿಣ್ವದಲ್ಲಿ ಆಗಿಲ್ಲ. ಆದುದರಿಂದ ಅದು ವಿಷವನ್ನು ಕರುಳಿನಿಂದ ಆಚೆಗೆ ಹೋಗಗೊಡದೆ ಹೊರಹಾಕಿಬಿಡುತ್ತದೆ. ಅಷ್ಟಾದರೂ ಹಕ್ಕಿಗಳು ಕಾಗೆಚಿಟ್ಟೆಯನ್ನು ಮುಟ್ಟಲು ಹಿಂಜರಿಯುತ್ತವೆ. ಅದಕ್ಕೆ ಕಾರಣವಾದ ವಿಷ ಬೇರೆ, ಅದನ್ನು ಗಳಿಸುವ ಕಾಲ ಬೇರೆ, ಮಾರ್ಗವೂ ಬೇರೆ.

ಪದವಿನ ಅಂಚಿನಲ್ಲಿ, ಒಣಗಿದ ಕೋಡುಗಳಲ್ಲಿ ಬೀಜಗಳು ಗಿಲಿಗಿಲಿ ಸದ್ದುಮಾಡುವ ಗಿಲಿಗಿಚ್ಚಿ ಗಿಡವನ್ನಾಗಲಿ, ಗದ್ದೆಯ ಬದುವಿನಲ್ಲಿ ಹೂಗೊನೆ ಸುರುಳಿಸುತ್ತಿಕೊಂಡಿರುವ ಚೇಳುಕೊಂಡಿ ಗಿಡವನ್ನಾಗಲಿ ಯಾರಾದರೂ ಕಿತ್ತು ಎಸೆದಿದ್ದರೆ, ಅದು ಬಾಡಿದ ಮೇಲೆ ಅಲ್ಲಿಗೆ ಬರುವ ಅತಿಥಿಗಳನ್ನು ನೋಡಬೇಕು. ನೀಲಿಹುಲಿಗಳು, ಕಾಗೆಚಿಟ್ಟೆಗಳು, ಪಟ್ಟೆಹುಲಿಗಳು ಹೂವಿಲ್ಲದ, ಮಕರಂದವಿಲ್ಲದ ಆ ಒಣಕಡ್ಡಿಗಳ ಮೇಲೆ ಒತ್ತೊತ್ತಾಗಿ ಕುಳಿತು, ಕಾಲಿನ ಉಗುರುಗಳಿಂದ ಎಲೆಯನ್ನು ಕೆರೆದು, ಹೀರುಗೊಳವೆಯಿಂದ ದ್ರವವನ್ನು ಸೂಸಿ, ಅದರಲ್ಲಿ ಕರಗಿದುದನ್ನು ಮತ್ತೆ ಹೀರಿಕೊಳ್ಳುತ್ತಿರುತ್ತವೆ. ಬೆರಳಿನಿಂದ ತಡವಿದರೂ ಏಳಲೊಲ್ಲವು. ಅವು ಹೀರುವುದು ಪೈರೋಲಿಝಿಡೀನ್ ಎಂಬ ಕ್ಷಾರಾಭವನ್ನು. ಹೀಗೆ ಬರುವವುಗಳಲ್ಲಿ ಗಂಡುಗಳೇ ಬಹುಪಾಲು. ಏಕೆಂದರೆ ಈ ಕ್ಷಾರಾಭ ಅವುಗಳಿಗೆ ರಕ್ಷೆಯಷ್ಟೇ ಅಲ್ಲ, ಶೃಂಗಾರದ್ರವ್ಯವೂ ಹೌದು. ಗಂಡುಚಿಟ್ಟೆಯ ಉದರದ ತುದಿಯಲ್ಲಿ ಅಡಗಿರುವ ಒಂದು ಜೊತೆ ರೋಮಕುಂಚಗಳು ಪ್ರಣಯಕಾಲದಲ್ಲಿ ಹೊರಚಾಚಿ ಬಿಚ್ಚಿಕೊಂಡು ಹೆಣ್ಣಿನ ಕುಡಿಮೀಸೆಗಳ ಮೇಲೆ ಸುಗಂಧವನ್ನು ಪಸರಿಸುತ್ತವೆ. ಆ ಗಂಧವನ್ನು ಶರೀರ ತಯಾರಿಸುವುದು ಗಿಡದಿಂದ ಹೀರಿದ ಕ್ಷಾರಾಭದಿಂದಲೇ. ಮೊನಾರ್ಕಿನ ಸಮೀಪಬಂಧುವಾದ ಕ್ವೀನ್ ಎಂಬ ಅಮೆರಿಕದ ಚಿಟ್ಟೆಯ ಮೇಲೆ ನಡೆದ ಪರೀಕ್ಷೆಗಳಲ್ಲಿ, ಕ್ಷಾರಾಭ ಸಿಕ್ಕದ ಗಂಡುಗಳು ಹೆಣ್ಣನ್ನು ಒಲಿಸಿಕೊಳ್ಳಲು ಬಹುಮಟ್ಟಿಗೆ ಅಸಮರ್ಥವಾದವು. ಇಂಡೋನೇಷ್ಯದ ಸುಲಾವೇಸಿ ದ್ವೀಪದಲ್ಲಿ 2019ರಲ್ಲಿ ಕಂಡು 2021ರಲ್ಲಿ ವರದಿಯಾದ ಒಂದು ಸಂಗತಿಯಂತೂ ಇನ್ನೂ ವಿಲಕ್ಷಣ: ಅಲ್ಲಿ ಈ ಕುಟುಂಬದ ಪ್ರೌಢ ಚಿಟ್ಟೆಗಳು ತಮ್ಮ ಕುಟುಂಬದ್ದೇ ಜೀವಂತ ಮರಿಹುಳುಗಳ ಮೈಯನ್ನು ಕೆರೆದು, ಒಸರಿದ ರಸವನ್ನು ಹೀರುತ್ತಿದ್ದವು.

ನಮ್ಮ ತೋಟಗಳಲ್ಲಿ ಯಾವ ಬೆಲೆಯೂ ಇಲ್ಲದ, ಕತ್ತಿಗೆ ಮೊದಲು ಬಲಿಯಾಗುವ ಗಿಡಗಳೇ ಈ ಚಿಟ್ಟೆಗಳ ಉಗ್ರಾಣವೆಂಬುದನ್ನು ಇಲ್ಲಿ ಎತ್ತಿ ಹೇಳಬೇಕೆನಿಸುತ್ತದೆ. ಸಾದಾಹುಲಿಗೆ ಎಕ್ಕ, ಗಾಜುಹುಲಿಗೆ ಆಡುಮುಟ್ಟದ ಬಳ್ಳಿ, ಕಾಗೆಚಿಟ್ಟೆಗೆ ಕಣಗಿಲೆಯ ಜೊತೆಗೆ ನನ್ನಾರಿಯೆಂದು ನಾವು ಬೇರನ್ನು ಅಗೆದು ಪಾನಕ ಮಾಡುವ ಸೊಗದೆಬಳ್ಳಿ, ನೀಲಿಹುಲಿಗಳಿಗೆ ಬೇಲಿಯನ್ನೂ ಮರವನ್ನೂ ಹಬ್ಬಿ ಬೆಳೆಯುವ ಹಾಲುಬಳ್ಳಿಗಳು, ಇವೆಲ್ಲಕ್ಕೂ ಮೇಲಾಗಿ ಗಂಧಕ್ಕೂ ರಕ್ಷೆಗೂ ಗಿಲಿಗಿಚ್ಚಿ. ಪರದೇಶದಿಂದ ಬಂದು ನಮ್ಮ ಗುಡ್ಡೆಗಳನ್ನೆಲ್ಲ ಆಕ್ರಮಿಸಿದ, ಜನರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಪೊದರಿನಲ್ಲಿಯೂ ಈ ಕ್ಷಾರಾಭವಿರುವುದರಿಂದ, ಅದು ಹೂಬಿಟ್ಟ ಕಾಲದಲ್ಲಿ ಹುಲಿಚಿಟ್ಟೆಗಳು ಅದರ ಮೇಲೆ ನೆರೆಯುತ್ತವೆ. ದೇಶೀಯ ಸಸ್ಯಗಳನ್ನು ಅದು ಅಡಗಿಸಿದ ಅಪರಾಧ ಇದರಿಂದ ಕಡಿಮೆಯಾಗದಿದ್ದರೂ ಸಂಗತಿಯನ್ನು ಮರೆಮಾಚುವಂತಿಲ್ಲ.

ಒಂದು ಚಿಟ್ಟೆಗೆ ವಿಷದ ಕೀರ್ತಿ ಬಂತೆಂದರೆ ಆ ಕೀರ್ತಿಯನ್ನು ಎರವು ಪಡೆಯುವವರೂ ಹುಟ್ಟಿಕೊಳ್ಳುತ್ತಾರೆ. ಅಮೆಜಾನ್ ಅರಣ್ಯದಲ್ಲಿ ಹನ್ನೊಂದು ವರ್ಷ ಕಳೆದ ಹೆನ್ರಿ ವಾಲ್ಟರ್ ಬೇಟ್ಸ್, ನಿರ್ವಿಷವಾದ ಚಿಟ್ಟೆ ವಿಷದ ಚಿಟ್ಟೆಯ ಬಣ್ಣವನ್ನು ತಳೆದು ಬಾಳುವ ತತ್ತ್ವವನ್ನು 1862ರಲ್ಲಿ ನಿರೂಪಿಸಿದನು. ಅದಕ್ಕೆ ಉದಾಹರಣೆ ಬೇಕೆಂದವರಿಗೆ ಎಡನೀರಿನ ಅಡಿಕೆತೋಟ ಸಾಕು. ಅಡಿಕೆ, ತೆಂಗುಗಳ ಗರಿಗಳ ಮೇಲೆ ಹಸುರು ಮೈಯ, ತಲೆಯಲ್ಲಿ ಎರಡು ಕೋಡುಗಳುಳ್ಳ ಹುಳುವೊಂದು ಬೆಳೆಯುತ್ತದೆ. ಅದರ ಆಹಾರದಲ್ಲಿ ಯಾವ ವಿಷವೂ ಇಲ್ಲ. ಆದರೆ ಅದು ಚಿಟ್ಟೆಯಾದಾಗ, ಹೆಣ್ಣಾಗಿದ್ದರೆ, ಕಿತ್ತಳೆಯ ನೆಲದಲ್ಲಿ ಕಪ್ಪು ನರಗಳನ್ನು ಬರೆದುಕೊಂಡು ಪಟ್ಟೆಹುಲಿಯೇ ತಾನೆಂಬಂತೆ ತೋಟದ ನೆರಳಿನಲ್ಲಿ ಹೊರಡುತ್ತದೆ. ಯಕ್ಷಗಾನದಲ್ಲಿ ಬಣ್ಣವೂ ಕಿರೀಟವೂ ಇದ್ದಮಾತ್ರಕ್ಕೆ ವೇಷ ನಿಲ್ಲದೆ ಹೆಜ್ಜೆಯೂ ಪಾತ್ರದ್ದೇ ಆಗಬೇಕಾದಂತೆ, ಈ ಹೆಣ್ಣೂ ತನ್ನ ಸ್ವಭಾವದ ಹಾರಾಟವನ್ನು ಬಿಟ್ಟು ಹುಲಿಚಿಟ್ಟೆಯ ಮಂದಗತಿಯನ್ನು ಕೈಕೊಳ್ಳುತ್ತದೆ. ಬೆನ್ನಟ್ಟಿದರೆ ಮಾತ್ರ ಹೆಜ್ಜೆ ತಪ್ಪಿ, ಗರಿಗಳ ನಡುವೆ ನುಗ್ಗಿ, ರೆಕ್ಕೆಯನ್ನು ಮಡಚಿ, ಒಣಗಿದ ಎಲೆಯ ಬಣ್ಣದ ಕೆಳಮೈಯನ್ನು ತೋರಿ ಅಡಗುತ್ತದೆ. ಗೋಣಿಸೊಪ್ಪನ್ನು ತಿಂದು ಬೆಳೆಯುವ ಇನ್ನೊಂದು ಚಿಟ್ಟೆಯ ಗಂಡು ಕಪ್ಪುಮೈಯಲ್ಲಿ ನೀಲಿಯಂಚಿನ ಬಿಳಿ ಮಚ್ಚೆಗಳನ್ನು ಹೊತ್ತಿದ್ದರೆ, ಅದರ ಹೆಣ್ಣು ಸಾದಾಹುಲಿಯ ಪ್ರತಿರೂಪ. ದಾಲ್ಚಿನ್ನಿಯ ಬಳಗದ ಮರಗಳ ಮೇಲೆ ಬೆಳೆಯುವ ಮತ್ತೊಂದರಲ್ಲಿ, ಒಂದೇ ತಾಯಿಯ ಮಕ್ಕಳಲ್ಲಿ ಕೆಲವು ಕಾಗೆಚಿಟ್ಟೆಯನ್ನೂ ಕೆಲವು ನೀಲಿಹುಲಿಯನ್ನೂ ಅನುಕರಿಸುತ್ತವೆ. ವಂಚನೆ ಸಾಗಬೇಕಾದರೆ ನಿಜವಾದ ವಿಷದವು ಹೆಚ್ಚಾಗಿಯೂ ವೇಷದವು ಕಡಿಮೆಯಾಗಿಯೂ ಇರಬೇಕು. ಇಲ್ಲದಿದ್ದರೆ ಹಕ್ಕಿಗೆ ಪಾಠವೇ ಮರೆತುಹೋದೀತು. ಎಕ್ಕದ ಗಿಡಗಳು ಕಡಿಮೆಯಾದ ಊರಿನಲ್ಲಿ, ಎಕ್ಕವನ್ನು ಎಂದೂ ಮುಟ್ಟದ ಚಿಟ್ಟೆಯ ರಕ್ಷಣೆಯೂ ಸಡಿಲವಾಗುವುದು ಹೀಗೆ.

ಇನ್ನು ಪ್ರಯಾಣದ ಮಾತು. ಮೊನಾರ್ಕುಗಳು ಶರತ್ಕಾಲದಲ್ಲಿ ಎಲ್ಲಿಗೆ ಹೋಗುತ್ತವೆಂಬುದನ್ನು ಪತ್ತೆಹಚ್ಚಲು ಕೆನಡಾದ ಫ್ರೆಡ್ ಅರ್ಕ್ವಾರ್ಟ್ ಮತ್ತು ನೋರಾ ಅರ್ಕ್ವಾರ್ಟ್ ದಂಪತಿಗಳು, ಸಾವಿರಾರು ಸ್ವಯಂಸೇವಕರ ನೆರವಿನಿಂದ ರೆಕ್ಕೆಗಳಿಗೆ ಕಾಗದದ ಚೀಟಿಗಳನ್ನು ಅಂಟಿಸುತ್ತ ದಶಕಗಳನ್ನು ಕಳೆದರು. ಕೊನೆಗೆ 1975ರ ಜನವರಿ 2ರಂದು ಕೆನ್ ಬ್ರಗರ್ ಮತ್ತು ಕತಾಲಿನಾ ಅಗ್ವಾದೋ ಎಂಬಿಬ್ಬರು ಮೆಕ್ಸಿಕೋದ ಸೆರೋ ಪೆಲೋನ್ ಬೆಟ್ಟದಲ್ಲಿ, ಸುಮಾರು ಮೂರು ಸಾವಿರ ಮೀಟರುಗಳ ಎತ್ತರದ ಓಯಾಮೆಲ್ ಮರಗಳ ಕಾಂಡವೂ ಕೊಂಬೆಯೂ ಕಾಣದಂತೆ ಕವಿದು ಕುಳಿತ ಕೋಟ್ಯಂತರ ಮೊನಾರ್ಕುಗಳನ್ನು ಕಂಡರು. ಮುಂದಿನ ವರ್ಷ ಸ್ವತಃ ಅಲ್ಲಿಗೆ ಏರಿದ ಅರ್ಕ್ವಾರ್ಟರಿಗೆ, ಅಮೆರಿಕದ ಮಿನ್ನೆಸೋಟಾದಲ್ಲಿ ಚೀಟಿ ಅಂಟಿಸಿದ್ದ ಚಿಟ್ಟೆಯೊಂದು ಆ ರಾಶಿಯಲ್ಲಿಯೇ ದೊರೆಯಿತು. ಬೇಸಗೆಯಲ್ಲಿ ಹುಟ್ಟುವ ಮೊನಾರ್ಕುಗಳು ಕೆಲವೇ ವಾರ ಬಾಳಿ, ಸಂತಾನವನ್ನು ಬಿಟ್ಟು ಸಾಯುತ್ತವೆ. ಶರತ್ಕಾಲದಲ್ಲಿ ಹುಟ್ಟುವ ತಲೆಮಾರು ಮಾತ್ರ ಸಂತಾನೋತ್ಪತ್ತಿಯನ್ನು ತಡೆಹಿಡಿದು ಎಂಟು ತಿಂಗಳವರೆಗೆ ಬದುಕಿ, ಈ ಮಹಾಯಾತ್ರೆಯನ್ನು ಮಾಡುತ್ತದೆ. ದಿಕ್ಕನ್ನು ತೋರುವವನು ಸೂರ್ಯ. ಸೂರ್ಯನು ಸರಿದಂತೆಲ್ಲ ದಿಕ್ಕನ್ನು ತಿದ್ದಿಕೊಳ್ಳಲು ಬೇಕಾದ ಗಡಿಯಾರವು ಚಿಟ್ಟೆಯ ಕುಡಿಮೀಸೆಯಲ್ಲಿದೆಯೆಂದು 2009ರಲ್ಲಿ ತಿಳಿದುಬಂತು.

ನಮ್ಮ ನೀಲಿಹುಲಿ, ಕಡುನೀಲಿಹುಲಿ, ಕಾಗೆಚಿಟ್ಟೆಗಳಿಗೂ ಯಾತ್ರೆಯುಂಟು. ಅವನ್ನು ಹೊರಡಿಸುವುದು ಚಳಿಯಲ್ಲ, ಮಳೆ. ಪಶ್ಚಿಮಘಟ್ಟಗಳ ಮಡಿಲಿನಲ್ಲಿ ಮಳೆಗಾಲವೆಂದರೆ ಚಿಟ್ಟೆಗಳ ಪಾಲಿಗೆ ಸುಲಭದ ಕಾಲವಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಕಾಸರಗೋಡಿನ ಸೀಮೆಯಲ್ಲಿ, ತುಳುವರ ಕಾರ್ತೆಲ್ ತಿಂಗಳಿನಿಂದ ಆಟಿ ತಿಂಗಳಿನವರೆಗೆ ಬಿಸಿಲನ್ನೇ ಕಾಣದ ದಿನಗಳು ಒಂದರ ಹಿಂದೊಂದು ಬರುತ್ತವೆ. ಬಿಸಿಲಿಲ್ಲದೆ ಚಿಟ್ಟೆಯ ಮೈ ಕಾಯದು, ಮೈ ಕಾಯದೆ ರೆಕ್ಕೆ ಏಳದು. ಘಟ್ಟದ ಮೂಡಣ ಮಗ್ಗುಲಿನ ಬಯಲುಗಳಲ್ಲಿಯಾದರೋ ಮುಂಗಾರು ಹದವಾಗಿ ಸುರಿದು, ಬೇಸಗೆಯಲ್ಲಿ ಒಣಗಿದ್ದ ಬಳ್ಳಿಗಳೆಲ್ಲ ಎಳೆಯ ಚಿಗುರನ್ನು ತಳೆಯುತ್ತವೆ. ಆದುದರಿಂದ ಮುಂಗಾರಿನ ಮುನ್ನಾದಿನಗಳಲ್ಲಿ ಈ ಚಿಟ್ಟೆಗಳು ಲಕ್ಷಗಟ್ಟಲೆಯಾಗಿ ಘಟ್ಟವನ್ನು ಬಿಟ್ಟು ಪೂರ್ವದ ಬಯಲುಗಳ ಕಡೆಗೆ ಹೊರಡುತ್ತವೆ. ಬೆಂಗಳೂರಿನ ಬೀದಿಗಳ ಮೇಲೆಯೂ ಒಂದೇ ದಿಕ್ಕಿಗೆ ಎಡೆಬಿಡದೆ ಸಾಗುವ ಇವುಗಳ ಸಾಲನ್ನು ಕಂಡವರು ಅನೇಕರಿದ್ದಾರೆ. ಅಲ್ಲಿ ಸಂತಾನ ಬೆಳೆದು, ಹಿಂಗಾರಿನ ಹೊತ್ತಿಗೆ, ಅಕ್ಟೋಬರ್ ನವೆಂಬರುಗಳಲ್ಲಿ, ಹೊಸ ತಲೆಮಾರು ಘಟ್ಟದ ಕಡೆಗೆ ಮರಳುತ್ತದೆ. ದಕ್ಷಿಣ ಭಾರತದ ಮತ್ತು ಸಿಂಹಳದ ಚಿಟ್ಟೆಗಳ ವಲಸೆಯನ್ನು ಕುರಿತು ಸಿ. ಬಿ. ವಿಲಿಯಮ್ಸ್ 1927ರಲ್ಲಿಯೇ ಬರೆದಿದ್ದನು. ಈ ಕುಟುಂಬದ ವಲಸೆಯ ಸ್ವರೂಪವನ್ನು ಕೀಟವಿಜ್ಞಾನಿ ಕೃಷ್ಣಮೇಘ ಕುಂಟೆಯವರು 2005ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ಮೊನಾರ್ಕಿನ ಸಾವಿರಾರು ಕಿಲೋಮೀಟರುಗಳ ಮುಂದೆ ಇವುಗಳ ನೂರಾರು ಕಿಲೋಮೀಟರು ಅಲ್ಪವೆಂದು ತೋರಬಹುದು. ಆದರೆ ಮುಂಗಾರಿನ ಬರವನ್ನು ಮುಂಚಿತವಾಗಿ ಅರಿತು, ಒಂದು ದೇಶದ ಎರಡು ಮಳೆಗಳ ನಡುವೆ ಬಾಳನ್ನು ಹಂಚಿಕೊಂಡು ನಡೆಯುವ ಈ ಯಾತ್ರೆಯನ್ನು ನಾನು ಮೆಕ್ಸಿಕೋದ ಯಾತ್ರೆಗಿಂತ ಕಡಿಮೆಯೆಂದು ಎಣಿಸಲಾರೆ.

ಎರವಿನ ಬಾಳಿಗೆ ಎರವು ಕೊಡುವವರು ಅಳಿದರೆ ಏನಾಗುವುದೆಂಬುದಕ್ಕೆ ಮೊನಾರ್ಕೇ ಸಾಕ್ಷಿ. ಕಳೆನಾಶಕಕ್ಕೆ ಬಗ್ಗದಂತೆ ಮಾರ್ಪಡಿಸಿದ ಜೋಳ, ಸೋಯಾಗಳು ಅಮೆರಿಕದ ಮಧ್ಯಭಾಗದ ಹೊಲಗಳನ್ನು ತುಂಬಿ, ಹೊಲದ ನಡುವಿನ ಹಾಲುಗಿಡಗಳು ನಿರ್ಮೂಲವಾದವು. 1996–97ರ ಚಳಿಗಾಲದಲ್ಲಿ ಮೆಕ್ಸಿಕೋದ 18 ಹೆಕ್ಟೇರುಗಳಷ್ಟು ಕಾಡನ್ನು ತುಂಬಿದ್ದ ಮೊನಾರ್ಕುಗಳು 2013–14ರಲ್ಲಿ 0.67 ಹೆಕ್ಟೇರಿಗೆ ಕುಗ್ಗಿದವು. ಕಾಸರಗೋಡಿನವರಿಗೆ ಇಂಥ ಮಾತುಗಳು ದೂರದ ಸುದ್ದಿಯಾಗಿ ಕೇಳಿಸುವುದಿಲ್ಲ. 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಇಲ್ಲಿನ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ಎಡನೀರಿನ ನೆರೆಯ ಮುಳಿಯಾರು, ಕಾರಡ್ಕ, ಬದಿಯಡ್ಕ, ಎಣ್ಮಕಜೆ ಪಂಚಾಯತುಗಳ ಮಕ್ಕಳೂ ತಾಯಂದಿರೂ ಪಟ್ಟ ಯಾತನೆಯನ್ನು ಇಡೀ ಜಗತ್ತು ಅರಿಯಿತು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದನ್ನು ನಿಷೇಧಿಸಿತು. ಚಹಾಸೊಳ್ಳೆಯೆಂಬ ಒಂದು ಕೀಟವನ್ನು ಗುರಿಯಾಗಿಟ್ಟುಕೊಂಡು ಸುರಿದ ಆ ವಿಷಕ್ಕೆ ಒಂದು ಕೀಟಕ್ಕೂ ಇನ್ನೊಂದಕ್ಕೂ ಭೇದ ತಿಳಿಯುತ್ತಿರಲಿಲ್ಲ. ಕಾರ್ಡೆನೊಲೈಡಿಗೆ ಎದುರಾಗಿ ನಿಲ್ಲಲು ಸಾದಾಹುಲಿಯ ಕುಲಕ್ಕೆ ಲಕ್ಷಾಂತರ ವರ್ಷಗಳ ಅವಕಾಶ ದೊರೆತಿತ್ತು. ಹೆಲಿಕಾಪ್ಟರಿನಿಂದ ಇಳಿದ ಮಂಜಿಗೆ ಎದುರಾಗಲು ಒಂದು ಋತುವೂ ಇರಲಿಲ್ಲ.

ಎಕ್ಕದ ವಿಷಯದಲ್ಲಿ ನನಗೆ ಅಷ್ಟು ಭಯವಿಲ್ಲ. ಮಾರ್ಗ ಅಗಲಮಾಡುವಾಗ ಬುಡಸಹಿತ ಕಡಿದರೂ ಅದು ಬೇರಿನಿಂದ ಮತ್ತೆ ಚಿಗುರುತ್ತದೆ, ಕಿತ್ತ ಮುರಕಲ್ಲಿನ ರಾಶಿಯ ಮೇಲೂ ಬೇರುಬಿಡುತ್ತದೆ. ಆ ಎಳೆಯ ಎಲೆಗಳ ಮೇಲೆ ಕೆಲವೇ ವಾರಗಳಲ್ಲಿ ಸಾದಾಹುಲಿಯ ಮೊಟ್ಟೆಗಳನ್ನು ಕಾಣಬಹುದು. ಅಮೆರಿಕದಿಂದ ಅಲಂಕಾರಕ್ಕೆಂದು ಬಂದ, ಮೊನಾರ್ಕಿಗೂ ಆಹಾರವಾಗುವ, ಕೆಂಪು ಹಳದಿ ಹೂಗೊಂಚಲಿನ ಹಾಲುಗಿಡವನ್ನೂ ಸಾದಾಹುಲಿ ಯಾವ ಸಂಕೋಚವೂ ಇಲ್ಲದೆ ಸ್ವೀಕರಿಸಿದೆ. ಆದರೆ ದೊಡ್ಡ ಮರಗಳನ್ನು ಆಶ್ರಯಿಸಿ, ನೆರಳಿನಲ್ಲಿ ವರ್ಷಾನುವರ್ಷ ಬೆಳೆದು, ನಾಗಬನಗಳಲ್ಲಿಯೂ ಘಟ್ಟದ ನಿತ್ಯಹರಿದ್ವರ್ಣದ ಕಾಡುಗಳಲ್ಲಿಯೂ ಮಾತ್ರ ಉಳಿದಿರುವ ಹಾಲುಬಳ್ಳಿಗಳಿಗೆ ಆ ಸಾಮರ್ಥ್ಯವಿಲ್ಲ. ಬನದ ಸುತ್ತ ಸಿಮೆಂಟಿನ ಕಟ್ಟೆಯನ್ನು ಕಟ್ಟಿ, ಒಳಗಿನ ಪೊದರನ್ನು ಸವರಿ, ಕಲ್ಲುಗಳಿಗೆ ಬಿಸಿಲು ಬೀಳುವಂತೆ ಮಾಡುವ ಜೀರ್ಣೋದ್ಧಾರದ ರೂಢಿ ನಮ್ಮ ಸೀಮೆಯಲ್ಲಿ ಹಬ್ಬುತ್ತಿದೆ. ಮರವನ್ನು ಉಳಿಸಿ ಬಳ್ಳಿಯನ್ನು ಕಡಿದ ಬನದಲ್ಲಿ ನೀಲಿಹುಲಿಗೆ ಮೊಟ್ಟೆಯಿಡಲು ಎಡೆಯಿಲ್ಲ. ಈ ಕುಟುಂಬದಲ್ಲಿಯೇ ಭಾರತದ ಅತಿ ದೊಡ್ಡ ಚಿಟ್ಟೆಗಳಲ್ಲೊಂದಾದ, ಬಿಳಿಯ ರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳನ್ನುಳ್ಳ ಮಲಬಾರದ ವನದೇವತೆಯ ಹುಳು ಬೆಳೆಯುವುದೂ ಇಂಥ ಕಾಡುಬಳ್ಳಿಗಳ ಮೇಲೆಯೇ. ಮೊನಾರ್ಕ್ ಚಿಟ್ಟೆ ಹಾಯಿಹಡಗುಗಳ ಕಾಲದಲ್ಲಿ ಶಾಂತಸಾಗರವನ್ನು ದಾಟಿ ಹವಾಯಿಯಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ನೆಲೆಸಿತು. ಮಲಬಾರದ ವನದೇವತೆಗೆ ಪಶ್ಚಿಮಘಟ್ಟದ ಹೊರತು ಭೂಮಿಯ ಮೇಲೆ ಬೇರೆ ನೆಲೆಯಿಲ್ಲ.